ರಜೆಯೂ ಸೂಟಿಯೂ

ಬೆಂಗಳೂರು, ಮೈಸೂರುಗಳ ಕಡೆಯವರು 'ರಜೆ' ಎನ್ನುವುದನ್ನು ಬೆಳಗಾವಿ ಜಿಲ್ಲೆಯ ಉತ್ತರದಂಚಿನವರು, ಎಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳವರು, 'ಸೂಟಿ' ಎನ್ನುತ್ತಾರೆ. ಎರಡೂ ಹೊರಗಿನಿಂದ ಬಂದ ಮಾತುಗಳೇ. ರಜೆಯ ಮೂಲ ಅರಬಿಯಲ್ಲಿದೆ. ಅಲ್ಲಿ ಅದಕ್ಕೆ ಸಮ್ಮತಿ, ಒಪ್ಪಿಗೆ ಎಂಬ ಅರ್ಥ. ಸೂಟಿ ಮರಾಠಿಯಿಂದ ಹೊಳೆ ದಾಟಿ ಬಂದದ್ದು. ಅದರ ಬೇರಿನಲ್ಲಿರುವುದು ಬಿಡುಗಡೆಯ ಅರ್ಥ. ಒಂದನ್ನು ಯಾರನ್ನೋ ಕೇಳಿ ಪಡೆಯಬೇಕು; ಇನ್ನೊಂದು ಕಟ್ಟು ಬಿಚ್ಚಿದೊಡನೆ ತಾನಾಗಿ ಆಗುವಂಥದು. ಮಾತಿನಲ್ಲಿ ಇಷ್ಟು ಹತ್ತಿರವಿರುವ ಇವೆರಡು ಬದುಕಿನಲ್ಲಿ ಎಷ್ಟು ದೂರವಿರಬಲ್ಲವೆಂಬುದು ಕಾಗದವೊಂದನ್ನು ಓದುವವರೆಗೆ ನಮಗೆ ಹೊಳೆದಿರಲಿಲ್ಲ.

ಕಾಗದ ಬರೆದವರು ಚಿಕ್ಕೋಡಿಯ ಒಬ್ಬ ಗೃಹಿಣಿ. ಅವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಬೆಂಗಳೂರಿನಲ್ಲಿ, ಕಿರಿಯವನು ಪುಣೆಯಲ್ಲಿ. ಇಬ್ಬರೂ ಕಂಪ್ಯೂಟರಿನ ಕೆಲಸದವರು. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ನಡೆಯುವ ಮಾಯಕ್ಕನ ಜಾತ್ರೆಗೆ ಮೂರು ವರ್ಷದಿಂದ ಅಣ್ಣತಮ್ಮಂದಿರು ಕೂಡಿ ಬಂದಿಲ್ಲವಂತೆ. "ಹಿರಿಯವನಿಗೆ ಎಣಿಸಿ ಕೊಟ್ಟ ರಜೆ. ಕಿರಿಯವನ ಕಂಪನಿಯಲ್ಲಿ ರಜೆಗೆ ಮಿತಿಯೇ ಇಲ್ಲವೆಂದು ಹೇಳುತ್ತಾನೆ. ಆದರೆ ಮಿತಿಯಿಲ್ಲದವನೇ ಕಡಿಮೆ ಬರುತ್ತಾನೆ. ಯಾವ ಕಂಪನಿಯ ರಜೆ ಒಳ್ಳೆಯದೆಂದು ನಾನು ತಿಳಿಯಬೇಕು?" ಎಂದು ಆ ತಾಯಿ ಕೇಳಿದ್ದಾರೆ. ಪ್ರಶ್ನೆ ಒಂದು ಮನೆಯದಾದರೂ ಉತ್ತರ ಇಂದು ಬಹಳ ಮನೆಗಳಿಗೆ ಬೇಕಾಗಿದೆ. ನಿಪ್ಪಾಣಿಯ ಮಗ್ಗುಲಿನಲ್ಲೇ ಪುಣೆ-ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಈ ಐದು ತಾಲೂಕುಗಳ ಓದಿದ ಮಕ್ಕಳು ಆ ದಾರಿಯ ಈ ತುದಿಗೋ ಆ ತುದಿಗೋ ಹೋಗಿ ಸೇರಿದ್ದಾರೆ.

ಮೊದಲು ದೊಡ್ಡ ಮನೆಗಳ ಲೆಕ್ಕ ನೋಡೋಣ. ಈ ಕಂಪನಿಗಳಲ್ಲಿ ಹೆಚ್ಚಿನವುಗಳ ತವರು ಅಮೆರಿಕ. ಸಂಬಳಸಹಿತ ರಜೆಯನ್ನು ಕೊಡಲೇಬೇಕೆಂಬ ಒಕ್ಕೂಟದ ಕಾನೂನು ಆ ದೇಶದಲ್ಲಿ ಇಲ್ಲ. ಅಲ್ಲಿಯ ೧೯೩೮ರ ದುಡಿಮೆಯ ಕಾಯಿದೆ ಕನಿಷ್ಠ ಕೂಲಿಯ ಮಾತನ್ನಾಡಿತು, ವಾರದ ಗಂಟೆಗಳ ಮಾತನ್ನಾಡಿತು. ರಜೆಯ ವಿಷಯದಲ್ಲಿ ಮೌನ ತಾಳಿತು. ಆದುದರಿಂದ ಅಲ್ಲಿ ರಜೆಯೆಂಬುದು ಕಂಪನಿಯ ಔದಾರ್ಯ, ಇಲ್ಲವೆ ಜಾಣ ಕೆಲಸಗಾರರನ್ನು ಹಿಡಿದಿಟ್ಟುಕೊಳ್ಳುವ ಉಪಾಯ. ಗೂಗಲ್ ಕಂಪನಿ ತನ್ನ ದೇಶದಲ್ಲಿ ಹೊಸಬರಿಗೆ ಬಹುಕಾಲ ವರ್ಷಕ್ಕೆ ೧೫ ದಿನ ಕೊಡುತ್ತಿದ್ದು, ೨೦೨೨ರಲ್ಲಿ ಅದನ್ನು ೨೦ಕ್ಕೆ ಏರಿಸಿತು. ನೆಟ್‌ಫ್ಲಿಕ್ಸ್ ಕಂಪನಿಯವರು ಈ ಶತಮಾನದ ಮೊದಲ ದಶಕದಲ್ಲಿಯೇ ರಜೆಯ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು, ನಿಮಗೆ ಬೇಕೆನಿಸಿದಷ್ಟು ತೆಗೆದುಕೊಳ್ಳಿರಿ ಎಂದುಬಿಟ್ಟರು. ೨೦೨೩ರ ಜನವರಿಯಲ್ಲಿ ಮೈಕ್ರೊಸಾಫ್ಟ್ ಕಂಪನಿಯೂ ಅಮೆರಿಕದಲ್ಲಿರುವ ತನ್ನ ಸಂಬಳದ ನೌಕರರಿಗೆ ಇದೇ ಪದ್ಧತಿಯನ್ನು ತಂದಿತು. ಅಲ್ಲಿಯವರೆಗೆ ಕೂಡಿಹಾಕಿದ್ದ ರಜೆಗೆ ಹಣ ಕೊಟ್ಟು ಹಳೆಯ ಖಾತೆಯನ್ನು ಚುಕ್ತಾ ಮಾಡಿತು.

ಕೇಳುವುದಕ್ಕೆ ಇದು ಕಾಮಧೇನುವಿನಂತಿದೆ. ಆದರೆ ಲೆಕ್ಕ ಬರೆಯುವವರ ಕಣ್ಣಿನಿಂದಲೂ ಒಮ್ಮೆ ನೋಡಬೇಕು. ನೌಕರನು ಗಳಿಸಿಟ್ಟ ರಜೆ ಕಂಪನಿಯ ಪಾಲಿಗೆ ಒಂದು ಸಾಲ. ಕ್ಯಾಲಿಫೋರ್ನಿಯದಂಥ ರಾಜ್ಯದಲ್ಲಿ, ನೌಕರನು ಕೆಲಸ ಬಿಟ್ಟು ಹೋಗುವಾಗ ಉಳಿದ ರಜೆಗೆ ಕಂಪನಿಯು ಹಣ ತೆರಲೇಬೇಕು. ಮಿತಿಯನ್ನೇ ತೆಗೆದುಹಾಕಿದರೆ ಗಳಿಕೆಯೂ ಇಲ್ಲ, ಬಾಕಿಯೂ ಇಲ್ಲ, ಸಾಲವೂ ಇಲ್ಲ. ನಮ್ಮ ಕಡೆಯ ಹಳೆಯ ಸಾವಕಾರನೊಬ್ಬನು 'ನಿನಗೆ ಬೇಕಾದಾಗ ಬೇಕಾದಷ್ಟು ಒಯ್ಯಿ, ಖಾತೆ ಯಾಕೆ?' ಎಂದು ಆಳಿಗೆ ಹೇಳಿದ್ದರೆ, ಆ ಆಳು ಸಂತೋಷಪಡುವ ಮೊದಲು ಮನೆಗೆ ಹೋಗಿ ಹಿರಿಯರನ್ನು ಕೇಳುತ್ತಿದ್ದನು.

ಯುರೋಪಿನ ನಡೆ ಬೇರೆ. ಫ್ರಾನ್ಸಿನಲ್ಲಿ ೧೯೩೬ರ ಮುಷ್ಕರಗಳ ಬೇಸಗೆಯಲ್ಲಿ ಎಲ್ಲ ಕೂಲಿಕಾರರಿಗೂ ಎರಡು ವಾರದ ಸಂಬಳಸಹಿತ ರಜೆ ಕಾನೂನಾಯಿತು. ೧೯೮೨ರ ಹೊತ್ತಿಗೆ ಅದು ಐದು ವಾರವಾಗಿ ಬೆಳೆಯಿತು. ೧೯೯೩ರ ನಿರ್ದೇಶನದ ಫಲವಾಗಿ ಯುರೋಪಿನ ಒಕ್ಕೂಟದಲ್ಲೆಲ್ಲ ಇಂದು ವರ್ಷಕ್ಕೆ ನಾಲ್ಕು ವಾರಕ್ಕೆ ಕಡಿಮೆಯಿಲ್ಲದ ರಜೆ ನೌಕರನ ಹಕ್ಕು. ಹಾಗಾಗಿ ಒಂದೇ ಕಂಪನಿಯ ಒಂದೇ ಬಗೆಯ ಕೆಲಸಕ್ಕೆ, ಮೇಜು ಸಮುದ್ರದ ಈಚೆಗಿದ್ದರೆ ಒಂದು ಲೆಕ್ಕ, ಆಚೆಗಿದ್ದರೆ ಇನ್ನೊಂದು. ರಜೆಯನ್ನು ಕೊಡುವುದು ಕಂಪನಿಯ ಹೆಸರಲ್ಲ, ನೆಲದ ಕಾನೂನು ಎಂಬುದನ್ನು ಆ ತಾಯಿ ಮೊದಲು ತಿಳಿಯಬೇಕು.

ನಮ್ಮ ನೆಲದ ಕಾನೂನು ಏನು ಹೇಳುತ್ತದೆ? ಭಾರತದ ಕಾರ್ಖಾನೆಗಳಲ್ಲಿ ಸಂಬಳಸಹಿತ ರಜೆ ಕಾನೂನಾಗಿ ಬಂದುದು ೧೯೪೬ರಲ್ಲಿ. ಆಗ ವಯಸ್ಕ ಕೆಲಸಗಾರನಿಗೆ ವರ್ಷಕ್ಕೆ ೧೦ ದಿನ. ೧೯೪೮ರ ಫ್ಯಾಕ್ಟರಿ ಕಾಯಿದೆ, ದುಡಿದ ೨೦ ದಿನಕ್ಕೆ ೧ ದಿನ ಎಂಬ ಸೂತ್ರವನ್ನು ನೆಲೆಗೊಳಿಸಿತು. ಅಂದಿನಿಂದ ಇಂದಿನವರೆಗೆ ಕಾಯಿದೆಗಳು ಬದಲಾದರೂ ಈ ಇಪ್ಪತ್ತಕ್ಕೊಂದು ಬದಲಾಗಿಲ್ಲ. ಬೆಂಗಳೂರಿನ ಗಾಜಿನ ಸೌಧದಲ್ಲಿರುವ ಸಾಫ್ಟ್‌ವೇರ್ ಕಚೇರಿಯು ಕಾನೂನಿನ ದೃಷ್ಟಿಯಲ್ಲಿ ಒಂದು 'ವಾಣಿಜ್ಯ ಸಂಸ್ಥೆ'. ಅದಕ್ಕೆ ಅನ್ವಯಿಸುವುದು ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ. ಚಿಕ್ಕೋಡಿ ಪೇಟೆಯ ಜವಳಿ ಅಂಗಡಿಗೂ ಅದೇ. ಅದರಂತೆ ಇಪ್ಪತ್ತಕ್ಕೊಂದು ಗಳಿಕೆ ರಜೆಯ ಜೊತೆಗೆ, ಜ್ವರಕ್ಕೋ ಬೇರೆ ತಕ್ಕ ಕಾರಣಕ್ಕೋ ವರ್ಷಕ್ಕೆ ೧೨ ದಿನ. ಇದಲ್ಲದೆ ೧೯೬೩ರ ಇನ್ನೊಂದು ಕಾಯಿದೆಯಂತೆ ರಾಷ್ಟ್ರೀಯ ಮತ್ತು ಹಬ್ಬದ ದಿನಗಳು ೧೦. ವಾರಕ್ಕೆ ಐದು ದಿನ ದುಡಿಯುವವನು ವರ್ಷದಲ್ಲಿ ೨೪೦ ದಿನ ಕೆಲಸ ಮಾಡಿದನೆಂದು ಹಿಡಿದರೆ ಅವನ ಗಳಿಕೆ ೧೨. ಒಟ್ಟು ೩೪.

ಹೊಳೆಯಾಚೆ, ಮಹಾರಾಷ್ಟ್ರದಲ್ಲಿ, ೨೦೧೭ರಲ್ಲಿ ಅಂಗಡಿ-ಕಚೇರಿಗಳಿಗೆ ಹೊಸ ಕಾಯಿದೆಯಾಯಿತು. ಹತ್ತು ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಅದು ಆಗ ಅನ್ವಯಿಸುತ್ತಿತ್ತು. ಅಲ್ಲಿಯೂ ಗಳಿಕೆ ಇಪ್ಪತ್ತಕ್ಕೊಂದೇ. ಸಾಂದರ್ಭಿಕ ರಜೆ ೮, ಹಬ್ಬದ ದಿನಗಳು ೮. ಅದೇ ೨೪೦ ದಿನದ ಲೆಕ್ಕಕ್ಕೆ ಒಟ್ಟು ೨೮. ಹೀಗೆ ಕಾನೂನಿನ ತಳಪಾಯದಲ್ಲಿ ಬೆಂಗಳೂರಿನ ಅಣ್ಣನು ಪುಣೆಯ ತಮ್ಮನಿಗಿಂತ ೬ ದಿನ ಮುಂದಿದ್ದಾನೆ. ಇದರ ಮೇಲೆ ಕಂಪನಿ ತನ್ನ ಕೈಯಿಂದ ಸೇರಿಸುವುದು ಬೇರೆ. 'ಮಿತಿಯಿಲ್ಲದ ರಜೆ' ಎಂಬ ಪದ್ಧತಿಯನ್ನು ಇತ್ತೀಚೆಗೆ ನಮ್ಮ ದೇಶದ ಕೆಲವು ಕಂಪನಿಗಳೂ ಅನುಕರಿಸುತ್ತಿವೆ. ಅವರು ಮಿತಿಯನ್ನು ಎಷ್ಟೇ ಅಳಿಸಿದರೂ ಕಾನೂನಿನ ಈ ಕನಿಷ್ಠ ಅಳಿಸಿಹೋಗುವುದಿಲ್ಲ.

ಇನ್ನು ಹಬ್ಬದ ಪಟ್ಟಿ. ಜನವರಿ ೨೬, ಮೇ ೧, ಆಗಸ್ಟ್ ೧೫, ಅಕ್ಟೋಬರ್ ೨ ಇಬ್ಬರಿಗೂ ಉಂಟು. ನವೆಂಬರ್ ೧ ಅಣ್ಣನ ಪಟ್ಟಿಯಲ್ಲಿದೆ, ತಮ್ಮನ ಪಟ್ಟಿಯಲ್ಲಿಲ್ಲ. ಉಳಿದ ಹಬ್ಬಗಳನ್ನು ಕಚೇರಿಯವರೇ ಆಯ್ದು ವರ್ಷದ ಮೊದಲಲ್ಲಿ ಹಚ್ಚುತ್ತಾರೆ; ದೀಪಾವಳಿ ಇರುತ್ತದೆ, ಗಣೇಶ ಚೌತಿ ಇರುತ್ತದೆ. ಚಿಂಚಲಿಯ ಮಾಯಕ್ಕ ಇಬ್ಬರ ಪಟ್ಟಿಯಲ್ಲಿಯೂ ಇರಲಾರಳು. ಬೆಂಗಳೂರಿನ ಪಟ್ಟಿ ಬರೆಯುವವರಿಗೆ ಕೃಷ್ಣಾತೀರದ ಆ ತಾಯಿಯ ಪರಿಚಯವಿಲ್ಲ. ಆದುದರಿಂದ ಭಾರತ ಹುಣ್ಣಿಮೆ ಸೂಟಿಯಲ್ಲ, ರಜೆ. ಕೇಳಲೇಬೇಕು.

ಮಿತಿಯಿಲ್ಲದವನು ಕಡಿಮೆ ಬರುವ ಗುಟ್ಟು ಇಲ್ಲಿದೆ. ಅಣ್ಣನ ಖಾತೆಯಲ್ಲಿ ಇಷ್ಟು ದಿನ ಉಳಿದಿದೆಯೆಂದು ಬರೆದಿರುತ್ತದೆ. ಡಿಸೆಂಬರಿನೊಳಗೆ ತೆಗೆದುಕೊಳ್ಳದಿದ್ದರೆ ಅದರಲ್ಲಿ ಕೆಲವು ಹೋಗಬಹುದೆಂಬ ಭಯವೂ ಇರುತ್ತದೆ. ಅವನು ಕೇಳುವುದು ತನ್ನದನ್ನೇ. ತಮ್ಮನ ಖಾತೆಯಲ್ಲಿ ಏನೂ ಬರೆದಿಲ್ಲ. ಎಷ್ಟು ಕೇಳಿದರೆ ಹೆಚ್ಚಾಯಿತು ಎಂಬುದನ್ನು ಅವನು ಪಕ್ಕದ ಮೇಜಿನವನನ್ನು ನೋಡಿ ಅಳೆಯಬೇಕು. ಪಕ್ಕದವನು ಇವನನ್ನು ನೋಡಿ ಅಳೆಯುತ್ತಿರುತ್ತಾನೆ. ಪಂಕ್ತಿಯಲ್ಲಿ ಕುಳಿತ ಮರ್ಯಾದಸ್ಥರು ಇನ್ನೊಂದು ಹೋಳಿಗೆ ಬೇಕೆನ್ನಲು ಒಬ್ಬರ ಮುಖ ಒಬ್ಬರು ನೋಡುವಂತೆ. ಎಣಿಸಿ ಕೊಟ್ಟ ರಜೆಯನ್ನೂ ಜನ ತೆಗೆದುಕೊಳ್ಳದೆ ಇರುವ ದೇಶವುಂಟು. ಜಪಾನಿನಲ್ಲಿ ಕೆಲಸಗಾರರು ಸಂಕೋಚದಿಂದ ರಜೆಯನ್ನು ಬಿಟ್ಟುಬಿಡುವುದು ಎಷ್ಟು ಬೆಳೆಯಿತೆಂದರೆ, ೨೦೧೯ರ ಏಪ್ರಿಲಿನಿಂದ, ಹತ್ತು ದಿನವಾದರೂ ರಜೆಯ ಹಕ್ಕಿರುವ ನೌಕರನು ವರ್ಷಕ್ಕೆ ೫ ದಿನವನ್ನಾದರೂ ತೆಗೆದುಕೊಳ್ಳುವಂತೆ ನೋಡಿಕೊಳ್ಳುವುದು ಧಣಿಯ ಕರ್ತವ್ಯವೆಂದು ಸರಕಾರವೇ ಕಾನೂನು ಮಾಡಬೇಕಾಯಿತು.

ನಮ್ಮ ಸಲಹೆ ಸರಳವಾದುದು. ಭಾರತ ಹುಣ್ಣಿಮೆ ಯಾವಾಗ ಬರುವುದೆಂದು ಪಂಚಾಂಗದಲ್ಲಿ ವರ್ಷದ ಮೊದಲೇ ಇದೆ. ಕಾಗವಾಡ, ಚಿಕ್ಕೋಡಿಗಳ ತಾಯಂದಿರು ಆ ತಾರೀಖನ್ನು ಜನವರಿಯ ಮೊದಲ ವಾರದಲ್ಲೇ ಇಬ್ಬರಿಗೂ ಬರೆದು ಕಳುಹಿಸಲಿ; ಮಕ್ಕಳು ಅದೇ ದಿನ ಕಚೇರಿಯಲ್ಲಿ ಬರವಣಿಗೆಯ ಮೂಲಕ ಕೇಳಲಿ. ಬರವಣಿಗೆ ಎಂದು ಒತ್ತಿ ಹೇಳಲು ಕಾರಣವುಂಟು. ಫ್ಯಾಕ್ಟರಿ ಕಾಯಿದೆಯಲ್ಲಿ ಒಂದು ಚಿಕ್ಕ ಮಾತಿತ್ತು. ಬಹಳ ಜನ ಅದನ್ನು ಓದಿರಲಿಲ್ಲ. ಮುಂದಿನ ವರ್ಷಕ್ಕೆ ಒಯ್ಯಬಹುದಾದ ರಜೆ ೩೦ ದಿನ ಮೀರಬಾರದು. ಆದರೆ ಕೆಲಸಗಾರನು ಕ್ರಮದಂತೆ ಕೇಳಿಯೂ ಧಣಿ ನಿರಾಕರಿಸಿದ ರಜೆಗೆ ಈ ಮಿತಿಯಿಲ್ಲ. ಫ್ಯಾಕ್ಟರಿ ಕಾಯಿದೆಯ ಸ್ಥಾನಕ್ಕೆ ಬಂದಿರುವ ಹೊಸ ಸಂಹಿತೆಯಲ್ಲಿಯೂ ಆ ಮಾತು ಉಳಿದಿದೆ. ಬಾಯಲ್ಲಿ ಕೇಳಿ ಬಾಯಲ್ಲಿ ಇಲ್ಲವೆನಿಸಿಕೊಂಡವನಿಗೆ ಇದರ ಪ್ರಯೋಜನವಿಲ್ಲ.

ಕೆಲಸಕ್ಕೆ ಸೇರುವಾಗ 'ಎಷ್ಟು ದಿನ?' ಎಂದು ಮಾತ್ರ ಕೇಳಿದರೆ ಸಾಲದು. ಉಳಿದ ದಿನ ಏನಾಗುತ್ತದೆ, ಹಠಾತ್ತಾಗಿ ಬೇಕಾದಾಗ ಯಾರನ್ನು ಕೇಳಬೇಕು ಎಂಬುದನ್ನೂ ಕೇಳಬೇಕು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಒಮ್ಮೆಲೇ ಉಕ್ಕಿ ಈ ತಾಲೂಕುಗಳ ಊರೂರುಗಳನ್ನು ನುಂಗಿದಾಗ ಯಾರಿಗೆ ತಾನೆ ಹದಿನೈದು ದಿನ ಮುಂಚಿತವಾಗಿ ಅರ್ಜಿ ಕೊಡಲು ಸಾಧ್ಯವಿತ್ತು? ರಜೆ ದೊರೆತವರಿಗೂ ದಾರಿ ದೊರೆಯಲಿಲ್ಲವೆನ್ನಿ. ನಿಪ್ಪಾಣಿಯ ಹತ್ತಿರ ಹೆದ್ದಾರಿಯ ಮೇಲೆಯೇ ನೀರು ನಿಂತಿತ್ತು.

ಸರಕಾರಿ ನೌಕರರ ಮನೆಯವರು ಇಷ್ಟು ಓದಿ ಮುಗುಳುನಗುತ್ತಿರಬಹುದು. ಅವರಿಗೆ ವರ್ಷಕ್ಕೆ ೩೦ ದಿನದ ಗಳಿಕೆ ರಜೆ, ಜನವರಿ ಮತ್ತು ಜುಲೈ ಒಂದರಂದು ಹದಿನೈದು ಹದಿನೈದಾಗಿ ಖಾತೆಗೆ ಬಂದು ಬೀಳುತ್ತದೆ. ಉಳಿಸಿದವರಿಗೆ ನಿವೃತ್ತಿಯ ದಿನ ೩೦೦ ದಿನದವರೆಗೆ ಹಣವಾಗುತ್ತದೆ. ಎಷ್ಟು ಹೆಣ್ಣುಮಕ್ಕಳ ಮದುವೆಯ ಚಪ್ಪರದ ಕಂಬಗಳು ತಂದೆ ತೆಗೆದುಕೊಳ್ಳದ ರಜೆಯ ಮೇಲೆ ನಿಂತಿವೆಯೊ! ಆದರೆ ಸರಕಾರವೂ ಲೆಕ್ಕ ಬಲ್ಲುದು. ೨೦೧೯ರಲ್ಲಿ ತಿಂಗಳ ನಾಲ್ಕನೆಯ ಶನಿವಾರವನ್ನು ಬಿಡುವಾಗಿ ಕೊಟ್ಟು, ಸಾಂದರ್ಭಿಕ ರಜೆಯನ್ನು ೧೫ರಿಂದ ೧೦ಕ್ಕೆ ಇಳಿಸಿತು. ಹನ್ನೆರಡು ಕೊಟ್ಟು ಐದು ತೆಗೆದುಕೊಂಡರೆ ಲಾಭವೇ ಅಲ್ಲವೆ ಎಂದು ಕೇಳಬಹುದು. ಕೊಟ್ಟ ಹನ್ನೆರಡು ಸರಕಾರ ಆರಿಸಿದ ದಿನಗಳು. ಹೋದ ಐದು ನೌಕರನು ತಾನೇ ಆರಿಸಬಹುದಾಗಿದ್ದ ದಿನಗಳು.

ಇಷ್ಟರಲ್ಲಿ ಒಂದು ವಿಚಿತ್ರ ಓದುಗರ ಕಣ್ಣಿಗೆ ಬಿದ್ದಿರಬೇಕು. ಅಮೆರಿಕದ ಎಂಜಿನಿಯರನಿಗೆ ಅವನ ದೇಶದ ಒಕ್ಕೂಟ ಕಾನೂನು ಕೊಡುವ ಸಂಬಳಸಹಿತ ರಜೆ ಸೊನ್ನೆ. ನಿಪ್ಪಾಣಿಯ ಓಣಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಣ್ಣುಮಗಳಿಗೆ ೧೯೬೬ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ ಕೊಟ್ಟದ್ದು ಇಪ್ಪತ್ತಕ್ಕೊಂದು. ಎಂದರೆ ಕಾಗದದ ಮೇಲೆ ನಮ್ಮ ನಿಪ್ಪಾಣಿಯವಳೇ ಕ್ಯಾಲಿಫೋರ್ನಿಯದವನಿಗಿಂತ ಶ್ರೀಮಂತೆ!

ಆ ಕಾಯಿದೆ ಸುಲಭವಾಗಿ ನಿಲ್ಲಲಿಲ್ಲ. ಬೀಡಿಯ ಧಣಿಗಳು ನ್ಯಾಯಾಲಯಕ್ಕೆ ಹೋದರು. ಮನೆಯಲ್ಲೇ ಕುಳಿತು, ತನಗೆ ಬೇಕಾದಾಗ ಕಟ್ಟಿ, ಸಾವಿರದ ಲೆಕ್ಕದಲ್ಲಿ ಕೂಲಿ ಪಡೆಯುವವಳಿಗೆ ರಜೆಯೆಂದರೇನು, ಅವಳು ಯಾವ ದಿನ ದುಡಿದಳು, ಯಾವ ದಿನ ಬಿಟ್ಟಳು ಎಂದು ಬಲ್ಲವರಾರು ಎಂಬುದು ಅವರ ವಾದದ ತಿರುಳು. ಮಂಗಳೂರಿನ ಗಣೇಶ ಬೀಡಿ ಸಂಸ್ಥೆಯ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೭೪ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ದುಡಿಯುವವರೂ ಅದರ ಆಶ್ರಯದೊಳಗೆ ಉಳಿದರು.

ಆದರೆ ಧಣಿಗಳು ಕೇಳಿದ ಪ್ರಶ್ನೆ ಇನ್ನೊಂದು ರೂಪದಲ್ಲಿ ಇಂದಿಗೂ ನಿಂತಿದೆ. ಇಪ್ಪತ್ತಕ್ಕೊಂದು ದೊರೆಯಬೇಕಾದರೆ ಇಪ್ಪತ್ತನ್ನು ಯಾರಾದರೂ ಬರೆದಿಟ್ಟಿರಬೇಕು. ಎಲೆ-ತಂಬಾಕು ಕೊಡುವವನು ಗುತ್ತಿಗೆದಾರ. ಕಟ್ಟಿದ ಬೀಡಿಯನ್ನು ಎಣಿಸಿ ಕಳಪೆಯೆಂದು ಒಂದಷ್ಟನ್ನು ಬದಿಗೆ ಸರಿಸುವವನೂ ಅವನೇ. ಪುಸ್ತಕದಲ್ಲಿ ಬರೆಯುವವನೂ ಅವನೇ. ತಾಯಿ, ಮಗಳು, ಸೊಸೆ ಮೂವರೂ ಕಟ್ಟುತ್ತಾರೆ, ಪುಸ್ತಕ ಒಬ್ಬಳ ಹೆಸರಿನಲ್ಲಿ. ಇದು ಬೀಡಿ ಕಟ್ಟುವ ಊರುಗಳಲ್ಲೆಲ್ಲ ಕೇಳಿಬರುವ ಮಾತು. ಪುಸ್ತಕದಲ್ಲಿಲ್ಲದವಳು ಕಾಯಿದೆಯಲ್ಲೂ ಇಲ್ಲ. ಕಿರಿಯ ಮಗನ 'ಮಿತಿಯಿಲ್ಲದ ರಜೆ'ಯಲ್ಲಿ ಖಾತೆ ಇಲ್ಲದಿರುವುದನ್ನು ಮೇಲೆ ಕಂಡೆವಷ್ಟೆ. ಅವನದು ಸಂಕೋಚದ ತೊಡಕು. ಇವಳಿಗೆ ಅದೇ ಒಂದು ದಿನದ ಗಂಜಿಯ ತೊಡಕು.

ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಂಗಸರ ಕಥೆಯನ್ನು ನಿಪ್ಪಾಣಿಯವರು ಮರೆತಿರಲಾರರು. ಸೋಸುವ, ಕುಟ್ಟುವ, ಜರಡಿ ಹಿಡಿಯುವ ಕೆಲಸ. ಗಾಳಿಯೆಲ್ಲ ತಂಬಾಕಿನ ಪುಡಿ. ೧೯೮೦ರ ಸುಮಾರಿಗೆ ಅವರು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘವೆಂಬ ಸಂಘಟನೆಯಲ್ಲಿ ಒಂದಾದರು. ಪ್ರೊಫೆಸರ್ ಸುಭಾಷ ಜೋಶಿಯವರು ಅದರ ಮುಂದಾಳುಗಳಾಗಿದ್ದರು. ಯುಗಾಂತರ ಎಂಬ ಚಿತ್ರತಂಡದ ಹೆಂಗಸರು ಈ ಊರಿಗೆ ಬಂದು, ಕೆಲಸಗಾರ್ತಿಯರ ಜೊತೆಗಿದ್ದು, ೧೯೮೨ರಲ್ಲಿ 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಸಾಕ್ಷ್ಯಚಿತ್ರವನ್ನು ತೆಗೆದರು. ತೆರೆಯ ಮೇಲೆ ಮಾತನಾಡುವವರು ಆ ಹೆಂಗಸರೇ. ಇಂದು ಚಿತ್ರಕಲೆಯ ಅಭ್ಯಾಸಿಗಳು ದೂರದೂರದ ದೇಶಗಳಲ್ಲಿ ಅದನ್ನು ನೋಡುತ್ತಾರೆ; ನಮ್ಮ ಕಾಲೇಜುಗಳಲ್ಲಿ ಒಮ್ಮೆ ತೋರಿಸಿದರೆ ಒಳ್ಳೆಯದು.

೨೦೨೫ರ ನವೆಂಬರ್ ೨೧ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ೧೯೪೮ರ ಫ್ಯಾಕ್ಟರಿ ಕಾಯಿದೆಯೂ ೧೯೬೬ರ ಬೀಡಿ ಕಾಯಿದೆಯೂ ಅವುಗಳಲ್ಲಿ ಲೀನವಾದವು. ಅದೇ ವರ್ಷ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ, ದುಡಿಯುವ ಹೆಂಗಸರಿಗೆ ಮುಟ್ಟಿನ ದಿನಗಳಿಗಾಗಿ ತಿಂಗಳಿಗೆ ಒಂದರಂತೆ ವರ್ಷಕ್ಕೆ ೧೨ ದಿನ ಸಂಬಳಸಹಿತ ರಜೆ ಎಂದು ಒಪ್ಪಿತ್ತು. ಅದರ ಬೆನ್ನಿಗೆ ಹೊರಟ ಆಜ್ಞೆಯಲ್ಲಿ ಕಾರ್ಖಾನೆ, ಅಂಗಡಿ-ಕಚೇರಿ, ತೋಟಗಳ ಜೊತೆಗೆ ಬೀಡಿಯ ಹೆಸರೂ ಒಂದೇ ಉಸಿರಿನಲ್ಲಿದೆ. ಕೆಲವು ಉದ್ಯಮದವರು ಅದನ್ನು ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲೇರಿದರು. ಆಜ್ಞೆಯ ಉದ್ದೇಶ ಒಳ್ಳೆಯದೇ. ಬೆಂಗಳೂರಿನ ಕಚೇರಿಯ ಹುಡುಗಿ ಗಣಕಯಂತ್ರದ ಒಂದು ಗುಂಡಿ ಒತ್ತಿ ಆ ದಿನವನ್ನು ಪಡೆಯಬಹುದು. ಮನೆಯಲ್ಲಿ ಬೀಡಿ ಕಟ್ಟುವವಳು ಅದನ್ನು ಯಾರ ಮುಂದೆ ಕೇಳಬೇಕು? ಎಲೆ ತೂಗಿ ಕೊಡುವ ಗುತ್ತಿಗೆದಾರನ ಮುಂದೆಯೆ?

ಸಕ್ಕರೆಯ ಕಡೆಗೆ ಬರೋಣ. ಈ ಸೀಮೆಯ ಮಾತು ಸಕ್ಕರೆಯಿಲ್ಲದೆ ಮುಗಿಯದು. ಸಾಂಗಲಿಯ ಶಿರಗಾಂವಕರ ಮನೆತನದವರು ೧೯೩೯ರಲ್ಲಿ ಸ್ಥಾಪಿಸಿದ ಉಗಾರ ಸಕ್ಕರೆ ಕಾರ್ಖಾನೆ ಇಂದು ಕಾಗವಾಡ ತಾಲೂಕಿನಲ್ಲಿದೆ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಇವು ಸಹಕಾರಿಗಳು. ನವೆಂಬರಿನ ಸುಮಾರಿಗೆ ಬಾಯ್ಲರಿಗೆ ಬೆಂಕಿ ಬಿದ್ದರೆ, ಕಬ್ಬು ತೀರುವವರೆಗೆ ಗಾಣ ಹಗಲೂ ರಾತ್ರಿ ನಿಲ್ಲುವುದಿಲ್ಲ. ಕಡಿದ ಕಬ್ಬು ಕಾದಷ್ಟೂ ಸಕ್ಕರೆಯನ್ನು ಕಳೆದುಕೊಳ್ಳುತ್ತದೆ. ಅದಕ್ಕೆ ಭಾನುವಾರವೂ ತಿಳಿಯದು, ಹುಣ್ಣಿಮೆಯೂ ತಿಳಿಯದು.

ಅಲ್ಲಿಯ ಕಾಯಂ ನೌಕರನಿಗೆ ರಜೆಯ ಚಿಂತೆಯಿಲ್ಲ. ಹಂಗಾಮಿನ ನೌಕರನ ಲೆಕ್ಕ ಮಾತ್ರ ಸ್ವಾರಸ್ಯವಾದುದು. ಹಿಂದಿನ ಕಾಯಿದೆಯಂತೆ ಒಂದು ಕ್ಯಾಲೆಂಡರ್ ವರ್ಷದಲ್ಲಿ ೨೪೦ ದಿನ ದುಡಿದವನಿಗೆ ರಜೆಯ ಹಕ್ಕು. ಹಂಗಾಮು ಐದು ತಿಂಗಳು ನಡೆಯಿತೆಂದು ಹಿಡಿಯಿರಿ. ಜನವರಿಯಿಂದ ಮಾರ್ಚಿನವರೆಗೆ ಹಳೆಯ ಹಂಗಾಮಿನ ೯೦ ದಿನ, ನವೆಂಬರ್-ಡಿಸೆಂಬರಿನಲ್ಲಿ ಹೊಸ ಹಂಗಾಮಿನ ೬೦ ದಿನ, ಕೂಡಿದರೆ ೧೫೦. ಮೂವತ್ತು ವರ್ಷ ಒಂದೇ ಗಾಣದ ಮುಂದೆ ನಿಂತವನೂ ಆ ೨೪೦ನ್ನು ಮುಟ್ಟಲಾರ. ಬಿಡುವಿನ ತಿಂಗಳುಗಳಲ್ಲಿ ಅವನನ್ನು ಕಟ್ಟಿಹಾಕಿಕೊಳ್ಳಲು ಸಂಬಳದ ಒಂದು ಪಾಲು ಕೊಡುವ ಪದ್ಧತಿ ಸಕ್ಕರೆ ಉದ್ಯಮದಲ್ಲಿ ವೇತನ ಮಂಡಳಿಯ ಕಾಲದಿಂದ ಬಂದಿದೆ. ಸಂಘಗಳು ಒಪ್ಪಂದದಿಂದ ಗಳಿಸಿದ್ದೂ ಉಂಟು. ಅದು ಬೇರೆ. ಕಾನೂನಿನ ಹಕ್ಕಿನ ರಜೆ ಅವನ ಕೈಗೆ ನಿಲುಕುತ್ತಿರಲಿಲ್ಲ.

ಹೊಸ ಸಂಹಿತೆ ೨೪೦ನ್ನು ೧೮೦ಕ್ಕೆ ಇಳಿಸಿದೆ. ದೊಡ್ಡ ಕಚೇರಿಯವರಿಗೆ ಇದರಿಂದ ಏನೂ ಅನ್ನಿಸದು. ಉಗಾರದಲ್ಲಿ, ಚಿಕ್ಕೋಡಿಯಲ್ಲಿ ಇದು ದೊಡ್ಡ ಮಾತು. ಅರೆಯುವ ೧೫೦ ದಿನಕ್ಕೆ, ಹಂಗಾಮಿನ ಮುಂಚೆ ಯಂತ್ರಗಳನ್ನು ಬಿಚ್ಚಿ ಕೂಡಿಸುವ ಒಂದು ತಿಂಗಳ ಕೆಲಸವೂ ಹಾಜರಿಯಲ್ಲಿ ಸೇರಿದರೆ ೧೮೦ರ ಹೊಸ್ತಿಲು ಬಂದಂತೆಯೇ. ಹತ್ತು ದಿನ ಹೆಚ್ಚು ಹಚ್ಚಿದರೆ ಅವನಿಗೆ ೯ ದಿನದ ಸಂಬಳಸಹಿತ ರಜೆ. ಹತ್ತು ದಿನ ಮೊದಲೇ ಮನೆಗೆ ಕಳಿಸಿದರೆ ಏನೂ ಇಲ್ಲ. ಸಂಘದವರು ಇನ್ನು ಮುಂದೆ ಬೋನಸ್ಸಿನ ಜೊತೆಗೆ ಆ ಹತ್ತು ದಿನಗಳನ್ನೂ ಕಾಯಬೇಕು.

ಗಾಣದವನ ಮಾತು ಇದಾಯಿತು. ಕಬ್ಬು ಕಡಿಯುವವರ ಮಾತು ಇನ್ನೂ ಬೇರೆ. ಮರಾಠವಾಡೆಯ ಬೀಡ ಮುಂತಾದ ಜಿಲ್ಲೆಗಳಿಂದಲೂ ನಮ್ಮ ವಿಜಯಪುರದ ಕಡೆಯಿಂದಲೂ ಅವರ ತಂಡಗಳು ಬರುತ್ತವೆ. ಗಂಡ-ಹೆಂಡತಿ ಕೂಡಿದರೆ ಒಂದು 'ಕೊಯ್ತಾ', ಎಂದರೆ ಒಂದು ಕುಡುಗೋಲು; ಲೆಕ್ಕದಲ್ಲಿ ಇಬ್ಬರೂ ಸೇರಿ ಒಬ್ಬರು. ಬರುವ ಮೊದಲೇ ಮುಕದ್ದಮನಿಂದ ಮುಂಗಡ ಪಡೆದಿರುತ್ತಾರೆ. ಕಡಿದ ಟನ್ನಿನ ಕೂಲಿ ಆ ಮುಂಗಡಕ್ಕೆ ಜಮೆಯಾಗುತ್ತ ಹೋಗುತ್ತದೆ. ಒಂದು ದಿನ ಕೆಲಸಕ್ಕೆ ಇಳಿಯದಿದ್ದರೆ ಅದಕ್ಕೆ 'ಖಾಡಾ' ಎಂಬ ದಂಡವುಂಟು. ನಾವು ಇಷ್ಟು ಹೊತ್ತು ಸಂಬಳಸಹಿತ ರಜೆಯ ದಿನಗಳನ್ನು ಎಣಿಸಿದೆವು. ಇಲ್ಲಿ ರಜೆಗೆ ಕೆಲಸಗಾರನೇ ಹಣ ತೆರಬೇಕು. ೨೦೧೯ರಲ್ಲಿ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಅನೇಕರು ಚಿಕ್ಕ ವಯಸ್ಸಿನಲ್ಲಿಯೇ ಗರ್ಭಕೋಶವನ್ನು ತೆಗೆಸಿಕೊಂಡಿರುವ ಸಂಗತಿ ಪತ್ರಿಕೆಗಳಲ್ಲಿ ಬಂದು, ಮಹಾರಾಷ್ಟ್ರ ಸರಕಾರ ಅದರ ವಿಚಾರಣೆಗೆ ಸಮಿತಿಯನ್ನು ನೇಮಿಸಿತು. ಕಾರಣಗಳು ಹಲವು ಇದ್ದವು. ಮುಟ್ಟಿನ ದಿನ ಕೆಲಸ ತಪ್ಪಿದರೆ ಬೀಳುವ ದಂಡದ ಭಯ ಅವುಗಳಲ್ಲಿ ಒಂದೆಂದು ಆ ಹೆಂಗಸರೇ ಹೇಳಿದರು.

ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತುಗಳ ಕೊರಳಿಗೆ ನೊಗ ಇಡದ ಮನೆಗಳು ಇನ್ನೂ ಇವೆ. ಅದು ಬಸವಣ್ಣನ ದಿನವೆಂದು, ಎತ್ತು ಮೈ ತೊಳೆಸಿಕೊಂಡು ಕೊಟ್ಟಿಗೆಯಲ್ಲಿ ಮೇವು ಮೆಲ್ಲುತ್ತ ನಿಲ್ಲುತ್ತದೆ. ಮೇವು ಎಂದಿನಂತೆಯೇ ಬೀಳುತ್ತದೆ. ಯಾರೂ ಅದರ ಲೆಕ್ಕ ಬರೆಯುವುದಿಲ್ಲ. ಇದು ನಿಜವಾದ ಸೂಟಿ. ಹಂಗಾಮಿನ ದಿನಗಳಲ್ಲಿ ಅದೇ ಸೋಮವಾರ ಕಬ್ಬಿನ ಗಾಡಿಗಳು ಕಾರ್ಖಾನೆಯ ತೂಕದ ಕಟ್ಟೆಯ ಮುಂದೆ ಸಾಲು ಹಿಡಿದು ನಿಂತಿರುತ್ತವೆ.